ಧಾರವಾಡದ ಹುಡುಗ ಬರೆದ ಅರ್ಜಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೇ ಬರೆದುಕೊಂಡು, ಅಲ್ಲಲ್ಲಿ ತಿದ್ದಿ ಕೊಟ್ಟಿದೆ.)



ನನ್ನನ್ನು ಕವಿ ಅಂತ ಪರಿಚಯ ಮಾಡಿಕೊಟ್ಟರು. ಪದ್ಯ ಓದ್ತಾನೆ ಅಂತ ಕೆಲವರು ಕಾದು ಕೂತಿರಬಹುದು. ಇವತ್ತು ಓದೋದಿಲ್ಲ. ಮುಂದಿನ ಸಾಲಲ್ಲಿ ಕೂತಿರೋ ಹುಡುಗರ ಕೈಯಲ್ಲಿ ಸ್ಕಾಲರ್‌ಷಿಪ್ಪಿನ ಕಾಗದಗಳಿವೆ, ಅದನ್ನ ನೋಡಿದ ಮೇಲೆ ಪದ್ಯ ಓದೋಕೆ ಮನಸ್ಸಾಗ್ತಿಲ್ಲ.

ನಾನು ಬಿ.ಎ. ಮಾಡಿದವನು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ನಮ್ಮೂರಲ್ಲಿ ಬಿ.ಎ. ಅಂದ್ರೆ 'ಯಾಕಪ್ಪ, ಬೇರೇನೂ ಸಿಗಲಿಲ್ವ?' ಅಂತಾರೆ. ಸಿಗಲಿಲ್ಲ ಅನ್ನೋದೂ ನಿಜವೇ. ಆದರೆ ಇತಿಹಾಸ ಓದಿದ್ದಕ್ಕೆ ನನಗೆ ಒಂದು ಲಾಭ ಆಯ್ತು. ಒಬ್ಬ ಹುಡುಗ ಸಿಕ್ಕಿದ. ಮೊದಲು ಅವನ ವಿಷಯ ಹೇಳ್ತೀನಿ, ಆಮೇಲೆ ನಿಮ್ಮ ಕಾಗದಕ್ಕೆ ಬರೋಣ.

1856ನೇ ಇಸವಿ, ಜೂನ್ ತಿಂಗಳು. ಧಾರವಾಡ. ಆಗ ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು, ಕಂಪನಿ ಸರ್ಕಾರದ ಕಾಲ. ಎರಡು ವರ್ಷದ ಹಿಂದೆಯಷ್ಟೇ, 1854ರಲ್ಲಿ, ಜನಸಾಮಾನ್ಯರಿಗೂ ಶಿಕ್ಷಣ ಮುಟ್ಟಬೇಕು ಅಂತ ಲಂಡನ್ನಿನಿಂದ ದೊಡ್ಡ ಪತ್ರ ಬಂದಿತ್ತು. ವುಡ್ ಸಾಹೇಬನ ಪತ್ರ ಅಂತ ನೀವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಲ್ಲ, ಅದೇ. ಆ ಧಾರವಾಡದ ಸರ್ಕಾರಿ ಶಾಲೆ ಮುಂದೆ ಒಬ್ಬ ಮಹಾರ್ ಹುಡುಗ ಹೋಗಿ ನಿಂತ. ಎಲ್ಲರೂ ಕೊಡೋ ಫೀಜನ್ನ ನಾನೂ ಕೊಡ್ತೀನಿ, ಸೇರಿಸಿಕೊಳ್ಳಿ ಅಂದ. ಸೇರಿಸಿಕೊಳ್ಳಲಿಲ್ಲ.

ನಾವಾಗಿದ್ದರೆ ಏನು ಮಾಡ್ತಿದ್ದೆವು? ಮನೆಗೆ ಬಂದು ಅವ್ವನ ಹತ್ತಿರ ಅತ್ತು ದನ ಹೊಡಕೊಂಡು ಹೋಗ್ತಿದ್ದೆವು. ಅವನು ಹಾಗೆ ಮಾಡಲಿಲ್ಲ. ಅರ್ಜಿ ಬರೆದ. ಮುಂಬಯಿ ಸರ್ಕಾರಕ್ಕೇ ಬರೆದ. ನನಗೆ ಫೀಜು ಕೊಡೋ ಶಕ್ತಿ ಇದೆ, ಮನಸ್ಸಿದೆ, ಆದರೂ ನಿಮ್ಮ ಶಾಲೆ ನನ್ನ ಸೇರಿಸಿಕೊಂಡಿಲ್ಲ ಅಂತ ದೂರು ಕೊಟ್ಟ.

ಸರ್ಕಾರ ಜುಲೈ ತಿಂಗಳಲ್ಲಿ ಠರಾವು ಮಾಡಿತು. ಆ ಠರಾವಿನ ಮಾತನ್ನ ನನ್ನ ಮಾತಲ್ಲಿ ಹೇಳ್ತೀನಿ, ಕೇಳಿ. ನ್ಯಾಯ ಹುಡುಗನ ಕಡೆಗೇ ಇದೆ, ಅನುಮಾನ ಇಲ್ಲ. ಆದರೆ ಸವರ್ಣೀಯರ ಮಕ್ಕಳೇ ಓದೋ ಶಾಲೆಗೆ ಸೇರಿಸಿ ಅಂತ ಇಲ್ಲಿಯ ತನಕ ಬಂದ ಮಹಾರ್ ಇವನೊಬ್ಬನೇ. ಇವನೊಬ್ಬನಿಗೋಸ್ಕರ ಒತ್ತಾಯ ಮಾಡಿದರೆ ಮಿಕ್ಕವರೆಲ್ಲ ಬಿಟ್ಟು ಹೋಗ್ತಾರೆ, ಶಾಲೆಯೇ ಉಪಯೋಗಕ್ಕೆ ಬಾರದ ಹಾಗೆ ಆಗ್ತದೆ. ಆದ್ದರಿಂದ ಆಗೋದಿಲ್ಲ.

ನೋಡಿದಿರಾ? ನ್ಯಾಯ ನಿನ್ನ ಕಡೆ ಇದೆ, ಆದ್ದರಿಂದ ನೀನು ಮನೆಗೆ ಹೋಗು. ಇದು ಬಿಳಿಯರ ಮಾತು ಅಂದುಕೊಂಡಿದ್ದೆ. ಇಲ್ಲ, ಗೆಳೆಯರೆ. ನಮ್ಮೂರ ಪಟೇಲ ಆಡೋ ಮಾತನ್ನೇ ಸಾಹೇಬ ಇಂಗ್ಲಿಷಿನಲ್ಲಿ ಬರೆದಿದ್ದ ಅಷ್ಟೇ.

ಅರ್ಜಿ ಅಲ್ಲಿಗೆ ಸಾಯಲಿಲ್ಲ. 1857ರ ಜನವರಿಯಲ್ಲಿ ಕಲ್ಕತ್ತೆಯ ಸರ್ಕಾರ, ಬಂಗಾಳದಲ್ಲಾಗಿದ್ದರೆ ಇವನಿಗೆ ಇಲ್ಲ ಅಂತಿರಲಿಲ್ಲ ಅಂತ ಮುಂಬಯಿಗೆ ಬರೆಯಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು, ಸರ್ಕಾರದ ಶಾಲೆ ಎಲ್ಲ ಜನಕ್ಕೂ ಸೇರಿದ್ದು, ಜಾತಿ ನೋಡಬಾರದು ಅಂತ ಹೇಳಬೇಕಾಯ್ತು. 1882ರ ಹಂಟರ್ ಆಯೋಗ ಆ ಮಾತನ್ನ ಎತ್ತಿ ಹಿಡಿಯಿತು. ಜೊತೆಗೆ, ಎಲ್ಲಿ ವಿರೋಧ ಇದೆಯೋ ಅಲ್ಲಿ ಇವರಿಗೆ ಬೇರೆ ಶಾಲೆ ಮಾಡಿ ಅಂತ ಒಂದು ಬಾಲವನ್ನೂ ಕಟ್ಟಿತು. ಆಮೇಲೆ 1928ರಲ್ಲಿ ಸೈಮನ್ ಕಮಿಷನ್ ಬಂದಾಗ ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾದ ಪರವಾಗಿ ಶಿಕ್ಷಣದ ಬಗ್ಗೆ ಒಂದು ಮನವಿ ಕೊಟ್ಟರಲ್ಲ, ಅದರಲ್ಲಿ ಈ ಧಾರವಾಡದ ಹುಡುಗನ ಪ್ರಕರಣವನ್ನ ಎತ್ತಿ ಸರ್ಕಾರದ ಮುಖದ ಮುಂದೆ ಹಿಡಿದರು. 72 ವರ್ಷ ಆಗಿತ್ತು. ಆ ಹುಡುಗ ಮುದುಕನಾಗಿ ಸತ್ತೂ ಹೋಗಿರಬಹುದು. ಅವನ ಕಾಗದ ಸತ್ತಿರಲಿಲ್ಲ.

ಆ ಠರಾವಿನಲ್ಲಿ ಅವನು 'ಮಹಾರ್ ಅರ್ಜಿದಾರ', ಅಷ್ಟೇ. ಧಾರವಾಡಕ್ಕೆ ಹೋದಾಗಲೆಲ್ಲ ನಾನು ಅವನ ಮುಖ ಹೇಗಿತ್ತೋ ಅಂತ ಯೋಚನೆ ಮಾಡ್ತೀನಿ. ಬಾಬಾಸಾಹೇಬರು ಅದೇ ಊರಲ್ಲಿ ನಮ್ಮ ಮಕ್ಕಳಿಗೆ ಒಂದು ಹಾಸ್ಟೆಲ್ ಮಾಡಿಸಿದರು. ಅದಕ್ಕೂ ಮುಂಚೆ, 1925ರಲ್ಲಿ, ಸೊಲ್ಲಾಪುರದಲ್ಲಿ ಒಂದು ತೆಗೆದಿದ್ದರು. ಶಾಲೆಗೆ ಸೇರಿಸಿಕೊಂಡರೆ ಸಾಲದು, ಶಾಲೆ ಇರೋ ಊರಲ್ಲಿ ನಮ್ಮ ಹುಡುಗರಿಗೆ ಯಾರೂ ಅನ್ನ ಹಾಕೋದಿಲ್ಲ, ಮನೆ ಕೊಡೋದಿಲ್ಲ, ಅದಕ್ಕೇ ಹಾಸ್ಟೆಲ್ ಬೇಕು ಅಂತ ಅವರಿಗೆ ಗೊತ್ತಿತ್ತು. ಈಗ ನೀವು ಕೂತಿದ್ದೀರಲ್ಲ, ಈ ಕಾಟು, ಈ ತಗಡಿನ ಪೆಟ್ಟಿಗೆ, ಆ ಗೋಡೆ ಮೇಲಿನ ಮೆನು ಬೋರ್ಡು, ಇದು ಯಾರೋ ಕನಿಕರಪಟ್ಟು ಕೊಟ್ಟಿದ್ದಲ್ಲ. ಮೆನು ಬೋರ್ಡಲ್ಲಿ ಇರೋದೆಲ್ಲ ತಟ್ಟೆಗೆ ಬರ್ತದಾ? (ನಗು) ಬರೋದಿಲ್ಲ ಅಂತ ನನಗೂ ಗೊತ್ತು. ನಾನೂ ಏಳು ವರ್ಷ ಹಾಸ್ಟೆಲ್ ಅನ್ನ ತಿಂದವನೇ. ಕಲ್ಲು ಆರಿಸೋದರಲ್ಲಿ ನಮಗೆ ಎಂ.ಎ. ಪದವಿ ಕೊಡಬೇಕು.

ಈಗ 1856ನ್ನ ಬಿಟ್ಟು ನಮ್ಮ ಕಾಲಕ್ಕೆ ಬನ್ನಿ. 2025ರ ಜೂನ್ ತಿಂಗಳು. ಅದೇ ಜೂನ್. ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯಿಂದ ಮಕ್ಕಳ ವರ್ಗಾವಣೆ ಪತ್ರ ತೆಗೆಸಿಕೊಂಡು ಹೋಗಿಬಿಟ್ಟರು. ಬಿಸಿಯೂಟ ಮಾಡೋ ತಾಯಿ ದಲಿತಳು ಅನ್ನೋ ಕಾರಣಕ್ಕೆ ಅಂತ ಸುದ್ದಿ ಬಂತು. ಅಲ್ಲ, ಕಲಿಕೆ ಸರಿ ಇರಲಿಲ್ಲ, ಅದಕ್ಕೆ ಬಿಡಿಸಿದೆವು ಅಂತಲೂ ಕೆಲವರು ಹೇಳಿದರು. ಕಲಿಕೆ ಸರಿ ಇಲ್ಲದ ಶಾಲೆ ರಾಜ್ಯದಲ್ಲಿ ಎಷ್ಟಿಲ್ಲ? ಮುಂಬಯಿ ಸರ್ಕಾರ ಅವತ್ತು ಏನು ಹೆದರಿತ್ತೋ ಅದು 169 ವರ್ಷ ಆದಮೇಲೂ ನಮ್ಮ ಕಣ್ಣೆದುರಿಗೇ ಆಯ್ತು. ವ್ಯತ್ಯಾಸ ಇಷ್ಟೇ, ಆಗ ನಾವು ಬೆಂಚಿಗೆ ಬರಬಾರದಾಗಿತ್ತು, ಈಗ ಒಲೆ ಹತ್ತಿರ ಬರಬಾರದು.

ಆದರೆ ಒಂದು ಜಾಗಕ್ಕೆ ನಮ್ಮನ್ನ ಕರೀತಾರೆ. 2023ರ ಡಿಸೆಂಬರಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿ ಶುಚಿ ಮಾಡಿಸಿದರು. ವಿಡಿಯೋ ಹೊರಗೆ ಬಂತು, ಬಂಧನಗಳಾದವು. ವಿಡಿಯೋ ಬಾರದೆ ಇದ್ದಿದ್ದರೆ? ಅನ್ನದ ಪಾತ್ರೆ ಮುಟ್ಟಬೇಡ, ಗುಂಡಿಗೆ ಇಳಿ. ಇಷ್ಟನ್ನೇ ಹೇಳಿಕೊಡೋಕೆ ಶಾಲೆ ಯಾಕೆ ಬೇಕು, ಊರು ಸಾಕಾಗಿತ್ತಲ್ಲ.

ನನಗಾದ್ದನ್ನೂ ಒಂದು ಹೇಳ್ತೀನಿ. ಆರನೇ ಕ್ಲಾಸು. ಮೇಷ್ಟ್ರು ಒಳಗೆ ಬಂದು, 'ಎಸ್ಸಿ ಎಸ್ಟಿಗಳೆಲ್ಲ ಎದ್ದು ನಿಂತ್ಕೊಳ್ರೋ' ಅಂದರು. ಸ್ಕಾಲರ್‌ಷಿಪ್ ಫಾರಂ ಕೊಡೋದಕ್ಕೆ. ಒಳ್ಳೇದು ಮಾಡೋಕೇ ಕರೆದದ್ದು, ಪಾಪ, ಅವರು ಕೆಟ್ಟ ಮನುಷ್ಯರೇನಲ್ಲ. ನಾವು ಏಳು ಜನ ಎದ್ದೆವು. ನನ್ನ ಪಕ್ಕ ದಿನಾ ಕೂರ್ತಿದ್ದ ಗೆಳೆಯನಿಗೆ ಅಲ್ಲಿ ತನಕ ಗೊತ್ತಿರಲಿಲ್ಲ. ಮಧ್ಯಾಹ್ನದ ಬೆಲ್ ಹೊಡೆಯೋ ಹೊತ್ತಿಗೆ ಅವನ ಬ್ಯಾಗು ಬೇರೆ ಬೆಂಚಲ್ಲಿತ್ತು. ಏನೂ ಅನ್ನಲಿಲ್ಲ ಅವನು. ಬೈದಿದ್ದರೆ ನಾನೂ ಬೈತಿದ್ದೆ. ಅವತ್ತಿಂದ ಡಿಗ್ರಿ ತನಕ ಯಾರಾದರೂ 'ಯಾವ ಕಡೆಯವರು?' ಅಂತ ಕೇಳಿದರೆ ಊರ ಹೆಸರು ಹೇಳಿ ಜಾರಿಕೊಳ್ತಿದ್ದೆ. 'ಊರು ಗೊತ್ತಾಯ್ತು, ನಿಮ್ಮ ಜನ ಯಾರು?' ಅಂತ ಒಂದು ಸಲ ರೂಮು ಕೇಳೋಕೆ ಹೋದಾಗ ಮನೆಯವರು ಬಿಡದೆ ಕೇಳಿದರು. ನಾನು ಸುಳ್ಳು ಹೇಳಿದೆ. ರೂಮು ಸಿಕ್ತು. ಮೂರು ತಿಂಗಳು ಅಲ್ಲಿದ್ದೆ. ಆ ಮೂರು ತಿಂಗಳು ನನ್ನ ಅವ್ವನನ್ನ ಆ ರೂಮಿಗೆ ಕರಕೊಂಡು ಬರಲಿಲ್ಲ, ಅವಳ ಮಾತಲ್ಲೇ ಗೊತ್ತಾಗಿಬಿಡ್ತದೆ ಅಂತ. ಅವಳು ಬಸ್‌ಸ್ಟ್ಯಾಂಡಿನಲ್ಲೇ ರೊಟ್ಟಿ ಬುತ್ತಿ ಕೊಟ್ಟು, 'ಯಾಕ್ ಮಗಾ, ನಿನ್ ರೂಮ ಒಂದಪ ನೋಡ್ಬಾರ್ದಾ ನಾನು?' ಅಂದಳು. ಕವಿ ಅಂತ ಹೇಳಿಕೊಳ್ಳೋವಾಗ ನನಗೆ ಈ ಮಾತು ನೆನಪಾಗ್ತದೆ. ಇದನ್ನ ಇಷ್ಟು ಜನರ ಮುಂದೆ ಹೇಳ್ತಿರೋದು ಇದೇ ಮೊದಲು.

ಇರಲಿ. ಕಾಗದಕ್ಕೆ ಬರೋಣ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಅಂತ ನೀವು ಅರ್ಜಿ ಹಾಕ್ತೀರಲ್ಲ, ಅದು ಯಾವಾಗ ಶುರುವಾಯ್ತು ಗೊತ್ತಾ? ಸ್ವಾತಂತ್ರ್ಯ ಬಂದಮೇಲೆ ಅಲ್ಲ. 1944ರಲ್ಲಿ. ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲ್ಲಿನಲ್ಲಿ ಕೂತು ಹಟ ಹಿಡಿದು ತೆಗೆಸಿದ್ದು, ವರ್ಷಕ್ಕೆ 3 ಲಕ್ಷ ರೂಪಾಯಿ ಇಡಿಸಿ. ಅವತ್ತಿಂದ ಇವತ್ತಿನವರೆಗೆ ನಮ್ಮ ಜನದಲ್ಲಿ ಯಾರ್ಯಾರು ಮೇಷ್ಟ್ರಾದರೋ, ಗುಮಾಸ್ತರಾದರೋ, ಡಾಕ್ಟರಾದರೋ, ಬಹಳ ಜನ ಇದೇ ದುಡ್ಡಲ್ಲಿ ಆದವರು. ಇಷ್ಟು ದೊಡ್ಡ ಯೋಜನೆಯನ್ನ ಹೇಗೆ ನಡೆಸಿಕೊಂಡರು? ಕೇಂದ್ರ ಸರ್ಕಾರ ತನ್ನ ಪಾಲನ್ನ ಸುಮಾರು ಶೇಕಡ 10ಕ್ಕೆ ಇಳಿಸಿಕೊಂಡು ಕೂತಿತ್ತು. ಎಷ್ಟೋ ರಾಜ್ಯದಲ್ಲಿ ನಿಂತೇ ಹೋಗೋ ಹಾಗಾಯ್ತು. ಗಲಾಟೆ ಆದಮೇಲೆ 2020ರ ಡಿಸೆಂಬರಲ್ಲಿ ಕೇಂದ್ರ 60, ರಾಜ್ಯ 40 ಅಂತ ಮಾಡಿದರು. ಐದು ವರ್ಷಕ್ಕೆ 59,048 ಕೋಟಿ ಅಂತ ಘೋಷಣೆ ಆಯ್ತು. ಕೇಳೋಕೆ ದೊಡ್ಡದು. ಆದರೆ ಕೋಟಿ ದಿಲ್ಲಿಯಲ್ಲಿರ್ತದೆ, ಪರೀಕ್ಷೆ ಫೀಜು ಕಟ್ಟೋ ದಿನಾಂಕ ಕಾಲೇಜಿನ ನೋಟಿಸ್ ಬೋರ್ಡಲ್ಲಿರ್ತದೆ. ಈ ಎರಡೂ ಒಂದೇ ದಿನ ಸೇರೋದನ್ನ ನಾನು ಕಂಡಿಲ್ಲ.

ಇನ್ನೊಂದು ಲೆಕ್ಕ ನೋಡಿ. 2021ರ ಕೇಂದ್ರದ ನಿಯಮದಲ್ಲಿ ಈ ವಿದ್ಯಾರ್ಥಿವೇತನಕ್ಕೆ ಮನೆಯ ಆದಾಯ ವರ್ಷಕ್ಕೆ 2.5 ಲಕ್ಷ ದಾಟಬಾರದು. 2019ರಲ್ಲಿ ಮೇಲ್ಜಾತಿಯ ಬಡವರಿಗೆ ಅಂತ ಶೇಕಡ 10 ಮೀಸಲಾತಿ ತಂದರಲ್ಲ, ಅಲ್ಲಿ ಬಡವ ಅನ್ನಿಸಿಕೊಳ್ಳೋಕೆ 8 ಲಕ್ಷದ ತನಕ ಅವಕಾಶ. ಅಂದರೆ ಅಪ್ಪ ತಿಂಗಳಿಗೆ ಅರವತ್ತು ಸಾವಿರ ತಂದರೂ ಅವರು ಬಡವರು. ನಮ್ಮ ಅಪ್ಪ ತಿಂಗಳಿಗೆ ಇಪ್ಪತ್ತೊಂದು ಸಾವಿರ ತಂದರೆ ನಾವು ಶ್ರೀಮಂತರು! ಬಡತನಕ್ಕೂ ಜಾತಿ ಇದೆ ಅಂತ ನಾವು ಹೇಳಿದರೆ ಜಾತಿವಾದಿಗಳು ಅಂತಾರೆ. ಇಲ್ಲಿ ಸರ್ಕಾರವೇ ಅಂಕಿಯಲ್ಲಿ ಬರೆದುಕೊಟ್ಟಿದೆ.

ಈಗ ಎಲ್ಲ ಆನ್‌ಲೈನ್. ನನ್ನ ಕಾಲದಲ್ಲಿ ಗುಮಾಸ್ತ ನಾಳೆ ಬಾ ಅಂತಿದ್ದ. ಈಗ ಸರ್ವರ್ ಡೌನ್ ಅಂತದೆ. ಗುಮಾಸ್ತನ ಮೇಲಾದರೂ ಕೂಗಾಡಬಹುದಿತ್ತು. ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಬೇಕು, ಆಧಾರಲ್ಲಿರೋ ಹೆಸರಿಗೂ ಅಂಕಪಟ್ಟಿಯಲ್ಲಿರೋ ಹೆಸರಿಗೂ ಒಂದು ಅಕ್ಷರ ಹೆಚ್ಚುಕಮ್ಮಿ ಆಗಬಾರದು. ನಮ್ಮ ಅಪ್ಪಂದಿರ ಹೆಸರನ್ನ ಯಾವಾಗ ಯಾರು ಸರಿಯಾಗಿ ಬರೆದಿದ್ದಾರೆ? ಶಾಲೆಯಲ್ಲಿ ಒಂದು, ರೇಷನ್ ಕಾರ್ಡಲ್ಲಿ ಒಂದು, ಆಧಾರಲ್ಲಿ ಇನ್ನೊಂದು. ನನ್ನ ಅಪ್ಪನಿಗೆ ಮೂರು ಹೆಸರು. ಊರಲ್ಲಿ ಕರೆಯೋದು ಬೇರೆ, ಅದನ್ನ ಇಲ್ಲಿ ಹೇಳೋ ಹಾಗಿಲ್ಲ. ಆ ಹೆಸರು ತಿದ್ದಿಸೋಕೆ ನಾಡಕಚೇರಿಗೆ ಹೋದರೆ ಒಂದು ದಿನದ ಕೂಲಿ ಹೋಯ್ತು, ಬ್ಯಾಂಕಿಗೆ ಹೋದರೆ ಇನ್ನೊಂದು ದಿನದ್ದು. ಕೊನೆಗೆ ದುಡ್ಡು ಬಂದಿಲ್ಲ ಯಾಕೆ ಅಂತ ಕೇಳಿದರೆ ಆಧಾರ್ ಸೀಡಿಂಗ್ ಆಗಿಲ್ಲ ಅಂತಾರೆ. ಬಿತ್ತನೆ ಮಾಡಿ ಮಾಡಿಯೇ ನಮ್ಮ ಅಪ್ಪಂದಿರ ಬೆನ್ನು ಬಗ್ಗಿದೆ. ಇದೊಂದು ಬಿತ್ತನೆ ಯಾವ ಹದಕ್ಕೆ ಮಾಡಬೇಕೋ ಗೊತ್ತಾಗ್ತಿಲ್ಲ.

ನನ್ನ ಹಾಸ್ಟೆಲ್ ರೂಮಿನ ಗೆಳೆಯನ ಕತೆ ಇದಕ್ಕೇ ಸೇರಿದ್ದು. ಹೆಸರು ಹೇಳೋದಿಲ್ಲ, ಅವನಿಗೆ ಇಷ್ಟ ಆಗೋದಿಲ್ಲ. ಗಣಿತದಲ್ಲಿ ಭೂತ. ಹತ್ತನೇ ತರಗತಿ ಕನ್ನಡ ಮಾಧ್ಯಮ, ಸರ್ಕಾರಿ ಶಾಲೆ, ನೂರಕ್ಕೆ ತೊಂಬತ್ತಾರು. ಸಿಇಟಿ ಬರೆದು ಎಂಜಿನಿಯರಿಂಗ್ ಸೀಟು ತಗೊಂಡ. ಮೊದಲ ವರ್ಷ ಮೇಷ್ಟ್ರು ಹೇಳೋದು ಇಂಗ್ಲಿಷಲ್ಲಿ, ಪುಸ್ತಕ ಇಂಗ್ಲಿಷಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ಗಣಿತವೇ ಹೋಯ್ತು! ಗಣಿತ ಅವನಿಗೆ ಬರ್ತಿತ್ತು, ಗಣಿತದ ಪ್ರಶ್ನೆ ಅರ್ಥ ಆಗ್ತಿರಲಿಲ್ಲ. ಎರಡು ವಿಷಯ ಉಳಿಯಿತು. ಅಷ್ಟೊತ್ತಿಗೆ ಆ ವರ್ಷದ ಫೀಜು ಸರ್ಕಾರದಿಂದ ಬಂದಿರಲಿಲ್ಲ. ಕಾಲೇಜಿನವರು, ನೀವು ಕಟ್ಟಿ, ಬಂದಮೇಲೆ ವಾಪಸ್ ಕೊಡ್ತೀವಿ ಅಂದರು. ಅವನ ಅವ್ವ ಕಿವಿಯ ಓಲೆ ಒತ್ತೆ ಇಟ್ಟಳು. ಎರಡನೇ ಸಲ ಒತ್ತೆ ಇಡೋಕೆ ಓಲೆ ಇರಲಿಲ್ಲ. ಟಿ.ಸಿ. ಕೊಡಿ, ಬಿ.ಎಸ್‌ಸಿ.ಗಾದರೂ ಸೇರ್ತೀನಿ ಅಂದ. ಬಾಕಿ ಕಟ್ಟಿ ತಗೊಂಡು ಹೋಗು ಅಂದರು. ಇವನು ನಾಲ್ಕು ಸಲ ಹೋದ, ನಾಲ್ಕು ಸಲವೂ ಬಾಯಲ್ಲೇ ಹೇಳಿ ಕಳಿಸಿದರು. ಇವನೂ ಬಾಯಲ್ಲೇ ಕೇಳಿ ಬಂದ. ಒಂದು ಸಾಲು ಕಾಗದದ ಮೇಲೆ ಇಲ್ಲ. ಈಗ ಬೆಂಗಳೂರಲ್ಲಿ ಬೈಕಲ್ಲಿ ಊಟ ತಲುಪಿಸ್ತಾನೆ. ಹೋದ ಸಲ ಸಿಕ್ಕಾಗ, 'ಬಿಡಣ್ಣ, ದಿನಕ್ಕೆ ಎಷ್ಟು ಆರ್ಡರ್, ಎಷ್ಟು ಪೆಟ್ರೋಲು ಅಂತ ಲೆಕ್ಕ ಹಾಕ್ತೀನಲ್ಲ, ಅದೂ ಗಣಿತವೇ' ಅಂದ. ನಗ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಇವನನ್ನ ಮೆರಿಟ್ ಇಲ್ಲದವನು ಅಂತ ಯಾರೋ ಎಲ್ಲೋ ಪಟ್ಟಿಯಲ್ಲಿ ಬರೆದುಕೊಂಡಿರ್ತಾರೆ. ಕಾಲೇಜು ಬಿಟ್ಟವರು ಅನ್ನೋ ಕಾಲಮ್ಮಲ್ಲಿ. ಅವನು ಬಿಟ್ಟಿಲ್ಲ, ಗೆಳೆಯರೆ. ಬಿಡಿಸಿದರು.

ಎಲ್ಲರ ಕತೆಯೂ ಹೀಗೇ ಮುಗೀತದೆ ಅಂತಲ್ಲ. 2024ರಲ್ಲಿ ಉತ್ತರ ಪ್ರದೇಶದ ಮುಜಫರ್‌ನಗರದ ಕಡೆಯ ಒಬ್ಬ ದಲಿತ ಹುಡುಗನಿಗೆ ಧನಬಾದಿನ ಐಐಟಿಯಲ್ಲಿ ಸೀಟು ಸಿಕ್ತು. ಅಪ್ಪ ದಿನಗೂಲಿ. ಕಟ್ಟಬೇಕಾದ್ದು 17,500 ರೂಪಾಯಿ, ನಾಲ್ಕು ದಿನದೊಳಗೆ. ಊರವರು ಸೇರಿಸಿ ಕೊಟ್ಟರು. ಕಂಪ್ಯೂಟರಿನಲ್ಲಿ ಕೊನೇ ಗಳಿಗೆಯಲ್ಲಿ ಕಟ್ಟೋಕಾಗಲಿಲ್ಲ, ಸೀಟು ಹೋಯ್ತು. ಆ ಅಪ್ಪ ಮಗ ಸುಮ್ಮನೆ ಕೂರಲಿಲ್ಲ. ಎಸ್‌ಸಿ ಆಯೋಗಕ್ಕೆ ಹೋದರು, ಜಾರ್ಖಂಡಿಗೆ ಹೋದರು, ಮದರಾಸು ಹೈಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿಗೆ ಹೋದರು. ಸೆಪ್ಟೆಂಬರ್ 30ಕ್ಕೆ ಕೋರ್ಟು, ಇವನಿಗೆ ಸೀಟು ಕೊಡಿ ಅಂತ ಆದೇಶ ಮಾಡಿತು. ಧಾರವಾಡದ ಹುಡುಗನ ತಮ್ಮ ಇವನು ಅಂತ ನನಗೆ ಅನ್ನಿಸಿತು. ಆದರೆ ಒಂದು ಸೀಟಿಗೆ ದೇಶದ ಇಷ್ಟು ಬಾಗಿಲು ತಟ್ಟಬೇಕಾ? ಎಲ್ಲರ ಮನೆಯಲ್ಲೂ ಆ ಬಸ್ ಚಾರ್ಜು ಇರ್ತದಾ?

ಶಾಲೆಯ ವಿಷಯ ಬೇಗ ಹೇಳಿ ಮುಗಿಸ್ತೀನಿ, ಯಾಕೆಂದರೆ ಅಡಿಗೆಯವರು ಆಗಲೇ ಎರಡು ಸಲ ಇಣುಕಿದರು. 2009ರ ಶಿಕ್ಷಣ ಹಕ್ಕಿನ ಕಾಯ್ದೆಯಲ್ಲಿ ಖಾಸಗಿ ಶಾಲೆಯ ಶೇಕಡ 25 ಸೀಟು ನಮ್ಮಂಥ ಮಕ್ಕಳಿಗೆ ಅಂತ ಇತ್ತು. ಕರ್ನಾಟಕದಲ್ಲಿ 2019ರಿಂದ ನಿಯಮ ತಿರುಗಿಸಿದರು. ಹತ್ತಿರದಲ್ಲಿ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ಖಾಸಗಿಯವರು ಸೇರಿಸಿಕೊಳ್ಳಬೇಕಾಗಿಲ್ಲ ಅಂತ. ಸರ್ಕಾರಿ ಶಾಲೆ ಉಳಿಸೋಕೆ ಮಾಡಿದೆವು ಅಂದರು. ಒಳ್ಳೇ ಮಾತು, ನಾನೂ ಒಪ್ತೀನಿ, ಸರ್ಕಾರಿ ಶಾಲೆ ಉಳಿಯಬೇಕು. ಆದರೆ ಉಳಿಸಿದರಾ? ಅದೇ ಅತಿಥಿ ಶಿಕ್ಷಕ, ಅದೇ ಸೋರೋ ಮಾಡು, ಒಂದು ಕೋಣೆಯಲ್ಲಿ ಮೂರು ತರಗತಿ. ಊರ ಗೌಡರ ಮಕ್ಕಳು ಹಳದಿ ವ್ಯಾನಿನಲ್ಲಿ ಪಟ್ಟಣಕ್ಕೆ ಹೋದರು, ನಮ್ಮವರು ಉಳಿದರು. ಹಂಟರ್ ಆಯೋಗ ಹೇಳಿದ ಆ 'ಬೇರೆ ಶಾಲೆ' ಈಗ ಯಾರೂ ಆದೇಶ ಮಾಡದೇನೇ ತಯಾರಾಗಿದೆ.

ಮೇಲೆ ಹೋದರೆ ಅಲ್ಲಿನ ಕತೆ ಬೇರೆ. ಸಂವಿಧಾನದ 93ನೇ ತಿದ್ದುಪಡಿ ಪಾರ್ಲಿಮೆಂಟಿನಲ್ಲಿ ಪಾಸಾದದ್ದು 2005ರಲ್ಲಿ. ಖಾಸಗಿ ಕಾಲೇಜಲ್ಲೂ ಮೀಸಲಾತಿಗೆ ಕಾಯ್ದೆ ಮಾಡಬಹುದು ಅಂತ ದಾರಿ ತೆಗೆಯಿತು. ಐಐಟಿ ಮುಂತಾದ ಕೇಂದ್ರ ಸಂಸ್ಥೆಗಳಿಗೆ ಕಾಯ್ದೆ ಬಂತು. ದೇಶದ ಖಾಸಗಿ ಸಂಸ್ಥೆಗಳಿಗೆಲ್ಲ ಅನ್ವಯಿಸೋ ಕಾಯ್ದೆಯನ್ನ ಪಾರ್ಲಿಮೆಂಟು ಮಾಡಲಿಲ್ಲ. 2025ರ ಆಗಸ್ಟಲ್ಲಿ ಪಾರ್ಲಿಮೆಂಟಿನ ಸಮಿತಿಯೇ ಮಾಡಿ ಅಂತ ಶಿಫಾರಸು ಕೊಟ್ಟಿತು. ಅಷ್ಟರಲ್ಲಿ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಿಲ್ಲ, ಕೆಲಸ ಇಲ್ಲ, ಇದ್ದಬದ್ದ ಹೊಸ ಕೋರ್ಸೆಲ್ಲ ಖಾಸಗಿಗೆ ಹೋಯ್ತು. ಬಾಗಿಲು ತೆಗೆದ ಮನೆಯಲ್ಲಿ ಅನ್ನ ಇಲ್ಲ, ಅನ್ನ ಇರೋ ಮನೆಗೆ ಬಾಗಿಲಿಲ್ಲ.

ಇನ್ನೂ ಒಂದು ತಮಾಷೆ ಕೇಳಿ. ವಿದೇಶಕ್ಕೆ ಹೋಗಿ ಓದೋ ನಮ್ಮ ಹುಡುಗರಿಗೆ ಕೇಂದ್ರ ಸರ್ಕಾರದ ಸ್ಕಾಲರ್‌ಷಿಪ್ ಇದೆ. 2022ರಲ್ಲಿ ಅದರ ನಿಯಮಕ್ಕೆ ಒಂದು ಸಾಲು ಸೇರಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತೀಯ ಸಮಾಜ ಇವುಗಳ ಮೇಲೆ ಸಂಶೋಧನೆ ಮಾಡೋರಿಗೆ ಇದು ಇಲ್ಲ ಅಂತ. 1913ರಲ್ಲಿ ಬರೋಡದ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡು ಕೊಟ್ಟು ಬಾಬಾಸಾಹೇಬರನ್ನ ಅಮೆರಿಕಕ್ಕೆ ಕಳಿಸಿದರು. 1916ರ ಮೇ ತಿಂಗಳಲ್ಲಿ ಕೊಲಂಬಿಯಾದಲ್ಲಿ ಅವರು ಓದಿದ ಮೊದಲ ದೊಡ್ಡ ಪ್ರಬಂಧ ಯಾವುದರ ಮೇಲೆ? ಭಾರತದ ಜಾತಿಗಳ ಮೇಲೆ. 2022ರ ನಿಯಮದಲ್ಲಿ ಅದನ್ನ ಬರೆಯೋಕೆ ಅಂತ ಅಂಬೇಡ್ಕರ್ ಅರ್ಜಿ ಹಾಕಿದ್ದರೆ, ಅಂಬೇಡ್ಕರ್ ಅರ್ಜಿಯೇ ತಿರಸ್ಕಾರ! ಎಂಜಿನಿಯರ್ ಆಗು, ಯಂತ್ರ ಬಿಚ್ಚಿ ನೋಡು, ಆದರೆ ನಿನ್ನನ್ನ ಕಟ್ಟಿಹಾಕಿರೋ ಹಗ್ಗವನ್ನ ಬಿಚ್ಚಿ ನೋಡಬೇಡ. ನನ್ನ ಬಿ.ಎ.ಯನ್ನ ಆಡಿಕೊಳ್ಳೋರಿಗೆ ನಾನು ಇದನ್ನೇ ಹೇಳೋದು. ಹಗ್ಗದ ಬಗ್ಗೆ ಓದೋನಿಗೆ ಅವರು ಯಾಕೆ ಹೆದರ್ತಾರೆ ಅಂತ ಯೋಚನೆ ಮಾಡಿ.

ಈಗ ಹೇಳೋದು ಹೇಳೋಕೆ ಕಷ್ಟ. ರೋಹಿತ್ ವೇಮುಲ ಹೆಸರು ನಿಮಗೆಲ್ಲ ಗೊತ್ತು. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ. ತಿಂಗಳಿಗೆ 25,000 ಫೆಲೋಶಿಪ್ಪು, ಅದು ನಿಂತಿತ್ತು. ಅವನನ್ನೂ ಇನ್ನು ನಾಲ್ಕು ಜನರನ್ನೂ ಹಾಸ್ಟೆಲ್ಲಿಂದ ಹೊರಗೆ ಹಾಕಿದರು. ಅವರು ಕ್ಯಾಂಪಸ್ಸಿನಲ್ಲೇ ಬಯಲಲ್ಲಿ ಗುಡಾರ ಹಾಕಿಕೊಂಡು ಅದಕ್ಕೆ ವೆಲಿವಾಡ ಅಂತ ಹೆಸರಿಟ್ಟರು. ನಮ್ಮ ಮಾತಲ್ಲಿ ಹೊಲಗೇರಿ. ವಿಶ್ವವಿದ್ಯಾಲಯದ ಒಳಗೇ ಹೊಲಗೇರಿ. 2016ರ ಜನವರಿ 17ಕ್ಕೆ ರೋಹಿತ್ ಹೋಗಿಬಿಟ್ಟ. ಹೋಗೋ ಮುಂಚೆ ಬರೆದ ಕಾಗದದಲ್ಲಿ ನಕ್ಷತ್ರದ ಮಾತಿದೆ ಅಂತ ಎಲ್ಲರೂ ನೆನೀತಾರೆ. ನನಗೆ ನೆನಪಿರೋದು ಲೆಕ್ಕ. ಏಳು ತಿಂಗಳ ಬಾಕಿ 1,75,000 ಬರಬೇಕು, ಅದು ಮನೆಗೆ ಮುಟ್ಟಲಿ, ಗೆಳೆಯನೊಬ್ಬನ ಸಾಲ ತೀರಿಸಿ ಅಂತ ಬರೆದಿದ್ದ. ಸಾಯೋವಾಗಲೂ ನಮ್ಮ ಹುಡುಗ ಸಾಲದ ಲೆಕ್ಕ ಬರೆಯಬೇಕು. 2019ರ ಮೇ ತಿಂಗಳಲ್ಲಿ ಮುಂಬಯಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಪಾಯಲ್ ತಡ್ವಿ, ಆದಿವಾಸಿ ಹೆಣ್ಣುಮಗಳು. ಈ ಇಬ್ಬರ ತಾಯಂದಿರು ಸೇರಿ ಅದೇ ವರ್ಷ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಕಾಲೇಜುಗಳಲ್ಲಿ ಜಾತಿ ಕಿರುಕುಳ ತಡೆಯೋಕೆ ಯುಜಿಸಿ 2012ರಲ್ಲೇ ಮಾಡಿದ ನಿಯಮ ಕಾಗದದಲ್ಲೇ ಕೊಳೀತಿದೆ, ಜಾರಿ ಮಾಡಿ ಅಂತ. ರೋಹಿತ್ ಹೆಸರಲ್ಲಿ ಕಾಯ್ದೆ ತರೋ ಮಾತು ನಮ್ಮ ರಾಜ್ಯದಲ್ಲೂ 2025ರಲ್ಲಿ ಎದ್ದಿತು.

ದಿಲ್ಲಿಯ ಏಮ್ಸ್‌ನಲ್ಲಿ ನಮ್ಮ ಹುಡುಗರ ಸ್ಥಿತಿ ನೋಡೋಕೆ ಥೋರಟ್ ಸಮಿತಿ ಕೂತು 2007ರಲ್ಲೇ ವರದಿ ಕೊಟ್ಟಿತ್ತು. ಹಾಸ್ಟೆಲ್ಲಲ್ಲಿ ನಮ್ಮವರು ಕಿರುಕುಳ ತಡೆಯಲಾರದೆ ಒಂದೇ ಕಡೆಗೆ ಸರಿದು ಗುಂಪಾಗಿದ್ದರು ಅಂತ ಅದರಲ್ಲಿದೆ. ಡಾಕ್ಟರ್ ಆಗೋರಲ್ಲೂ ಕೇರಿ.

ತಮ್ಮಂದಿರೆ, ತಂಗಿಯರೆ, ಇಲ್ಲಿ ನಾನು ಭಾಷಣ ಬಿಟ್ಟು ಮಾತಾಡ್ತೀನಿ. ನಿಮ್ಮಲ್ಲಿ ಯಾರಿಗಾದರೂ ಆ ಯೋಚನೆ ಬಂದರೆ, ರಾತ್ರಿ ಎರಡು ಗಂಟೆಯಾದರೂ ಸರಿ, ಪಕ್ಕದ ಕಾಟಿನವನನ್ನ ಒದ್ದು ಎಬ್ಬಿಸಿ. ಬೈದರೆ ಬೈಸಿಕೊಳ್ಳಿ. ನನ್ನ ನಂಬರು ಗೋಡೆ ಮೇಲೆ ಬರೆದು ಹೋಗ್ತೀನಿ, ನನಗೆ ಫೋನ್ ಮಾಡಿ. ಫೇಲಾದರೆ ಇನ್ನೊಂದು ಸಲ ಬರೆಯಬಹುದು. ಇಂಗ್ಲಿಷ್ ಬರದಿದ್ದರೆ ಕಲಿಯಬಹುದು. ನಾನು ಇವತ್ತಿಗೂ ನಿಘಂಟು ಪಕ್ಕದಲ್ಲಿಟ್ಟುಕೊಂಡೇ ಇಂಗ್ಲಿಷ್ ಓದೋದು.

ನಮ್ಮ ಒಳಗಿನ ಮಾತೂ ಒಂದು ಇದೆ. ಊಟದ ಹಾಲಿನಲ್ಲಿ ನೀವು ಕೂರೋದನ್ನ ನೋಡಿದೆ. ಎಡಗೈಯವರು ಆ ಕಡೆ, ಬಲಗೈಯವರು ಈ ಕಡೆ. ಯಾರೂ ಹೇಳಿ ಕೂರಿಸಿಲ್ಲ, ನೀವೇ ಕೂತಿರೋದು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಅಂದದ್ದಕ್ಕೆ ನಮ್ಮ ಹಾಸ್ಟೆಲ್‌ಗಳಿಗೆ ನುಗ್ಗಿ ಹೊಡೆದರಲ್ಲ, ಹೊಡೆಯೋರು ನೀನು ಎಡವೋ ಬಲವೋ ಅಂತ ಕೇಳಿರ್ತಾರಾ? ಅಡಿಗೆಗೆ ಸಾಮಾನು ಇಳಿಸಿದರಾ ಇಲ್ಲವಾ ಅಂತ ನೋಡೋಕೆ ನಿಮ್ಮಲ್ಲಿ ಒಂದು ಸಮಿತಿ ಇಲ್ಲ, ಮೇಜು ಮಾತ್ರ ಎರಡು. ಇದನ್ನ ಹೇಳಿದ್ದಕ್ಕೆ ಕೆಲವರಿಗೆ ಕೋಪ ಬಂದಿರಬಹುದು. ಬರಲಿ, ಊಟ ಆದಮೇಲೆ ಜಗಳ ಆಡೋಣ. ಮೇಜು ಮಾತ್ರ ಇವತ್ತು ರಾತ್ರಿಯೇ ಜೋಡಿಸಿ.

ಈಗ ಸೋಮವಾರದ ಮಾತು. ಸ್ಕಾಲರ್‌ಷಿಪ್ ಬಂದಿಲ್ಲ, ಫೀಜು ಕಟ್ಟದಿದ್ದರೆ ಹಾಲ್ ಟಿಕೆಟ್ ಕೊಡಲ್ಲ ಅಂತ ನಿಮ್ಮಲ್ಲಿ ಹನ್ನೊಂದು ಜನಕ್ಕೆ ಕಾಲೇಜಲ್ಲಿ ಹೇಳಿದ್ದಾರೆ ಅಂತ ಕಾರ್ಯದರ್ಶಿ ನನಗೆ ಚೀಟಿ ಕೊಟ್ಟಿದ್ದಾನೆ. ಹೇಗೆ ಹೇಳಿದರು? ಬಾಯಲ್ಲಿ. ನೀವು ಬಾಯಲ್ಲಿ ಕೇಳಿಕೊಂಡು ಬಂದಿರಿ. ನನ್ನ ಗೆಳೆಯ ಮಾಡಿದ ತಪ್ಪನ್ನೇ ಮಾಡ್ತಿದ್ದೀರಿ. ಹಾಗೆ ಬೇಡ. ಹನ್ನೊಂದು ಜನವೂ ಒಬ್ಬೊಬ್ಬರೂ ಬೇರೆ ಬೇರೆ ಅರ್ಜಿ ಬರೆಯಿರಿ. ಹೆಸರು, ತರಗತಿ, ಪೋರ್ಟಲ್ಲಿನ ಅರ್ಜಿ ಸಂಖ್ಯೆ, ಅರ್ಜಿ ಹಾಕಿದ ದಿನ, ಯಾವತ್ತು ಯಾವ ಕೌಂಟರಿನಲ್ಲಿ ಏನು ಹೇಳಿದರು, ಅಷ್ಟೇ. ಬೈಬೇಡಿ, ಕವಿತೆ ಬರೀಬೇಡಿ, ಅದು ನನ್ನ ಕೆಲಸ. ಕನ್ನಡದಲ್ಲೇ ಬರೆಯಿರಿ. ಎರಡು ಪ್ರತಿ. ಒಂದು ಪ್ರತಿ ಮೇಲೆ ತಲುಪಿದೆ ಅಂತ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಜಗಳ ಆಡದೆ ಪೋಸ್ಟಾಫೀಸಿಗೆ ಹೋಗಿ ರಿಜಿಸ್ಟರ್ ಮಾಡಿ, ಆ ರಸೀದಿ ಇಟ್ಟುಕೊಳ್ಳಿ. ಇನ್ನೊಂದು ಪ್ರತಿ ಸಮಾಜ ಕಲ್ಯಾಣ ಇಲಾಖೆಯ ತಾಲೂಕು ಕಚೇರಿಗೆ. ಕೊಡಲ್ಲ ಅಂದರೆ, ಕೊಡಲ್ಲ ಅನ್ನೋದನ್ನ ಬರೆದುಕೊಡಿ ಸಾರ್ ಅಂತ ಕೇಳಿ. ನೋಡ್ತಿರಿ, ಆ ಮಾತಿಗೆ ಅರ್ಧ ಜನ ದಾರಿಗೆ ಬರ್ತಾರೆ. ಮಿಕ್ಕರ್ಧಕ್ಕೆ ನಾವೆಲ್ಲ ಒಟ್ಟಿಗೆ ಹೋಗೋಣ.

ಹಿಂದಿನ ಬೆಂಚಿನ ತಂಗಿ ಕೈ ಎತ್ತಿದ್ದಾಳೆ. ಏನಮ್ಮ? ... ಅಪ್ಪನ ಹೆಸರು ಆಧಾರಲ್ಲಿ ತಪ್ಪಾಗಿದೆಯಾ? ಪರವಾಗಿಲ್ಲ, ಅದನ್ನೂ ಅರ್ಜಿಯಲ್ಲೇ ಬರಿ, ಮೂರು ಹೆಸರಿದ್ದರೆ ಮೂರನ್ನೂ ಬರಿ. ನಮ್ಮ ಮನೆ ಕತೆ ಹೇಳಿದೆನಲ್ಲ.

ಬಸ್‌ಸ್ಟ್ಯಾಂಡ್ ಪಕ್ಕದ ಝೆರಾಕ್ಸ್ ಅಂಗಡಿ ಬೆಳಗ್ಗೆ ಎಂಟೂವರೆಗೆ ತೆಗೀತಾರೆ. ನಾನು ಎಂಟು ಗಂಟೆಗೇ ಅಲ್ಲಿರ್ತೀನಿ. ಬಿಳಿ ಹಾಳೆ ನಾನು ತರ್ತೀನಿ, ಪೆನ್ನು ನೀವು ತನ್ನಿ. ಈಗ ಊಟಕ್ಕೆ ಏಳಿ, ಅನ್ನ ಆರಿ ಹೋಗ್ತಿದೆ. ಜೈಭೀಮ್.